ಶಾಕವ್ರತದ ಬೆಂಡೆಕಾಯಿ

"ಬೆಂಡಿಕಾಯಿ ಗಿಡದಾಗ ಮ್ಯಾಲಕ್ಕ ಮುಖ ಮಾಡಿರತದೋ, ಕೆಳಗ ಜೋತು ಬಿದ್ದಿರತದೋ?"

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ತಮ್ಮ ಮನೆಯ ಹಿತ್ತಲ ಬಾವಿಕಟ್ಟೆಯ ಮೇಲೆ, ತಲೆಗೆ ಒಂದು ಕೊಡ ನೀರು ಸುರಿದುಕೊಂಡು ಇನ್ನೊಂದನ್ನು ಎತ್ತುವ ನಡುವೆ ಜಯತೀರ್ಥರಾಯರು ಹೀಗೆಂದು ಗಟ್ಟಿಯಾಗಿ ಕೇಳಿದರು. ಕೇಳಿದ್ದು ಯಾರನ್ನೂ ಅಲ್ಲ. ಹಿತ್ತಲಲ್ಲಿ ಇದ್ದದ್ದು ಒಂದು ತುಳಸಿಕಟ್ಟೆ, ಬಾವಿಯೊಳಗೆ ಒಂದು ಆಮೆ. ತುಳಸಿ ದೇವರ ವಿಷಯ ಬಿಟ್ಟು ಬೇರೆ ಮಾತಿಗೆ ಬಾಯಿ ಹಾಕುವಂಥದಲ್ಲ. ಆಮೆಗೆ ಬೆಂಡೆಕಾಯಿಯ ಪರಿಚಯವಿರಲಿಲ್ಲ.

ಉತ್ತರ ಬಂದದ್ದು ಅಡುಗೆಮನೆಯಿಂದ. ಗಂಡನ ಸ್ನಾನದ ಮಂತ್ರಗಳನ್ನೆಲ್ಲ ಇಪ್ಪತ್ತೈದು ವರ್ಷದಿಂದ ಕೇಳಿ ಬಲ್ಲ ಗಂಗಾಬಾಯಿ, ಇದು ಯಾವುದೋ ಹೊಸದು ಎಂದು ಒಲೆ ಊದುವುದನ್ನು ನಿಲ್ಲಿಸಿದ್ದರು.

"ಏನಂದ್ರಿ?"

"ಏನಿಲ್ಲ. ಬೆಂಡಿಕಾಯಿ ಹ್ಯಾಂಗ ಬಿಡತದ ಅಂತ."

"ಪಲ್ಯಾ ಮಾಡಿದ ಮ್ಯಾಲ ತಾಟಿನಾಗ ಬಿಡತದ. ಅದಕ್ಕ ಮೊದಲಿಂದು ನನಗೇನು ಗೊತ್ತು? ತೋಟದ ಪಾಠಾ ಹೇಳಾವರು ನೀವೋ ನಾನೋ?"

ಇದೇ ಆಗಿತ್ತು ರಾಯರ ಸಂಕಟ. ಮರುದಿನದಿಂದ ತೋಟದ ಪಾಠ ಹೇಳಬೇಕಾದವರು ಅವರೇ.

ರಾಯರು ವಕೀಲರೊಬ್ಬರ ಹತ್ತಿರ ಗುಮಾಸ್ತರು. ಸಾತ್ವಿಕರು. ಸಂಜೆಯಾದರೆ ಮಠದಲ್ಲಿ ಕಾವ್ಯ ಓದುವಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಷಟ್ಪದಿಯ ಒಂದೊಂದು ಪಾದಕ್ಕೂ ತೊಡೆಯ ಮೇಲೆ ತಾಳ ಹಾಕುವರು. ಅವರಲ್ಲಿದ್ದ ಕೊರತೆ ಒಂದೇ: 'ಇಲ್ಲ' ಎಂಬ ಎರಡಕ್ಷರ ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಯಾರು ಏನು ಕೇಳಲಿ, "ಆಗಲಿ, ನೋಡೋಣ" ಎಂದೇ ಬಿಡುವರು. ಹೀಗಾಗಿ ಅವರ ಪಡಸಾಲೆಯಲ್ಲಿ ಪೇಟೆಯ ಅರ್ಧ ಜನರ ಮುರಿದ ಕೊಡೆಗಳು, ಕಾಶಿಗೆ ಹೋದವರ ತೊಟ್ಟಿಲು, ಯಾರದೋ ಮದುವೆಯ ಕೊಪ್ಪರಿಗೆ, ಇವೆಲ್ಲ ವರ್ಷಗಟ್ಟಲೆ ವಾಸವಾಗಿದ್ದವು.

ಸ್ವರಾಜ್ಯ ಬಂದು ಎರಡು ಮೂರು ವರ್ಷವಾಗಿತ್ತು. ರೇಷನ್ ಅಂಗಡಿಯ ಮುಂದೆ ಸಾಲು ಕರಗಿರಲಿಲ್ಲ. ಹೆಚ್ಚು ಬೆಳೆಯಿರಿ ಎಂದು ಸರಕಾರ ಗೋಡೆಗೋಡೆಯ ಮೇಲೆ ಬರೆಸಿತ್ತು. ಬರೀ ಕಿವಿಯಿಂದ ಪುಣ್ಯ ಸಂಪಾದಿಸಿದರೆ ಸಾಲದು, ಕೈಯಿಂದಲೂ ಏನಾದರೂ ಮಾಡಬೇಕೆಂದು ಮಠದ ಶ್ರೋತೃಗಳೆಲ್ಲ ಸೇರಿ ಒಂದು ಬಾಲ ಸೇವಾ ಸಂಘ ಕಟ್ಟಿದರು. ಹಳ್ಳಿಯ ಶಾಲೆಗಳಿಗೆ ಶನಿವಾರ ಶನಿವಾರ ಹೋಗಿ ಮಕ್ಕಳಿಗೆ ಕಾಯಿಪಲ್ಲೆ ಬೆಳೆಯುವುದನ್ನೂ ಅದನ್ನು ಅಡುಗೆ ಮಾಡುವುದನ್ನೂ ಕಲಿಸುವುದು ಎಂದು ನಿಶ್ಚಯವಾಯಿತು. "ತೋಟದ ಕೆಲಸ ಯಾರಿಗೆ ಬರತದ?" ಎಂದು ಅಧ್ಯಕ್ಷರು ಕೇಳಿದಾಗ ಸಭೆಯೆಲ್ಲ ನೆಲ ನೋಡಿತು. ರಾಯರು ಮಾತ್ರ ಜಂತೆಯ ಮೇಲಿನ ಗುಬ್ಬಿ ನೋಡುತ್ತಿದ್ದರು. ತಲೆ ಎತ್ತಿದವರೇ ಸಿಕ್ಕಿಬಿದ್ದರು.

"ರಾಯರ ಮನಿ ತುಳಸಿ ನೋಡ್ರಿ, ಬೇವಿನ ಗಿಡಧಾಂಗ ಬೆಳದದ! ಅವರ ಕೈಗುಣಾನ ಹಂಗ!"

"ಆಗಲಿ, ನೋಡೋಣ" ಎಂದರು ರಾಯರು. ಪುರಾಣಗಳಲ್ಲಿ ರಾಜರು ವರ ಕೊಟ್ಟು ಕೆಟ್ಟದ್ದೂ ಇಷ್ಟೇ ಸಲೀಸಾಗಿ.

ಅವರ ಪಾಲಿಗೆ ಬಂದದ್ದು ಕುರುಗೋಡಿನ ಆಚೆಯ ಬಾದನಹಟ್ಟಿ. ಎರೆಮಣ್ಣಿನ ಊರು. ಜೋಳ, ಹತ್ತಿ ಇವುಗಳಲ್ಲಿ ಅಲ್ಲಿಯವರನ್ನು ಮೀರಿಸುವವರಿಲ್ಲ. ಕಾಯಿಪಲ್ಲೆ ಮಾತ್ರ ಸಂತೆಯಿಂದ ಬರಬೇಕು, ಸಂತೆಗೆ ಹೋದವರು ನೆನಪಿಟ್ಟುಕೊಂಡು ತಂದರೆ. ಶಾಲೆಯ ಹಿಂದೆ ಬಾವಿಯ ಪಕ್ಕಕ್ಕೆ ಒಂದು ತುಂಡು ಜಾಗವಿತ್ತು. ಅಲ್ಲಿ ಶಾಲಾ ಸಮಿತಿಯ ಮುಖ್ಯಸ್ಥ ಉಚ್ಚೆಂಗೆಪ್ಪಗೌಡ ತನ್ನ ಜೋಳದ ಸೊಪ್ಪೆಯ ಬಣವೆ ಒಟ್ಟುತ್ತಿದ್ದ. ಜಾಗ ಶಾಲೆಯದು, ರೂಢಿ ಗೌಡನದು.

ಗೌಡ ಮೀಸೆಯೊಳಗೇ ನಕ್ಕ. "ಮಕ್ಕಳು ತೋಟಾ ಮಾಡ್ತಾರಂತ! ಆತು ಮಾಡ್ರಿ. ನನ್ನ ಮಾತು ಒಂದ ಐತಿ. ಮಕ್ಕಳು ಬೆಳದದ್ದು ಊರು ಉಂಡರ ಜಾಗ ಮಕ್ಕಳದು. ಊರು ಉಣ್ಣದಿದ್ದರ ಜಾಗ ನನ್ನ ಬಣವಿದು."

"ಆಗಲಿ" ಎಂದರು ರಾಯರು, ಅಭ್ಯಾಸಬಲದಿಂದ.

ಅಡುಗೆಯ ಪಾಠಕ್ಕೆ ಕುರುಗೋಡಿನಿಂದ ಹೊನ್ನೂರಮ್ಮ ಬರುತ್ತಿದ್ದಳು. ಸಂಘದಲ್ಲಿದ್ದ ಒಬ್ಬಳೇ ಹೆಂಗಸು, ಮೂರು ಊರಿನ ಮದುವೆಗಳಿಗೆ ಸಾರು ಕುದಿಸಿದವಳು. ಗಂಡುಹುಡುಗರು ರೊಟ್ಟಿ ಬಡಿಯುವುದಿಲ್ಲ ಎಂದಾಗ, "ಹಂಗಂದ್ರ ಗಂಡುಹುಡುಗರು ಉಣ್ಣಂಗೂ ಇಲ್ಲ" ಎಂದು ಒಂದೇ ಮಾತಿನಲ್ಲಿ ಆ ವಾದವನ್ನು ಮುಗಿಸಿದ್ದಳು.

ರಾಯರ ಮೊದಲನೆಯ ಪಾಠ ಸರಕಾರದ ಪುಸ್ತಿಕೆಯಿಂದ ಶುರುವಾಯಿತು. ಕಾಳಿಗೂ ಕಾಳಿಗೂ ಎಷ್ಟು ಅಂಗುಲ ಬಿಡಬೇಕೆಂದು ಅದರಲ್ಲಿತ್ತು. ಆದರೆ ಮಕ್ಕಳ ಹತ್ತಿರ ಅಳತೆಪಟ್ಟಿಯಿರಲಿಲ್ಲ. ಮಾಸ್ತರು ಚಂದ್ರಣ್ಣನ ಹತ್ತಿರ ಇದ್ದದ್ದು ಹಿಂದಿನ ವರ್ಷ ಬೆನ್ನುಗಳ ಮೇಲೆ ಮುರಿದುಹೋಗಿತ್ತು. ರಾಯರು ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಉಡಿಯಲ್ಲಿ ಬೆಂಡೆಬೀಜ ತುಂಬಿಕೊಂಡು, ತಮಗೆ ಬರುವ ಷಟ್ಪದಿಗಳನ್ನು ಒಂದರ ಹಿಂದೊಂದು ರಾಗವಾಗಿ ಎತ್ತಿದರು. ಉಸಿರು ನಿಂತಲ್ಲಿ ಹೆಜ್ಜೆ, ಹೆಜ್ಜೆಗೊಂದು ಕಾಳು. ಹಿಂದೆ ಮಕ್ಕಳ ಸಾಲು, ಅದೇ ರಾಗ, ಅದೇ ಹೆಜ್ಜೆ. ಕೊನೆಯ ಪದ್ಯ ಮುಗಿದಾಗ ಬಿತ್ತುವ ಮಡಿಯೂ ಮುಗಿದಿತ್ತು. ಸಾಲು ಹುರಿ ಹಿಡಿದು ಎಳೆದಂತೆ ನೆಟ್ಟಗಿತ್ತು. ಒಂದು ಕಡೆ ಮಾತ್ರ, ವನವಾಸದ ಪ್ರಸಂಗದಲ್ಲಿ ರಾಯರು ಕಣ್ಣೊರೆಸಿಕೊಳ್ಳಲು ನಿಂತುಬಿಟ್ಟಿದ್ದರಿಂದ, ಹಿಂದಿನವರೆಲ್ಲ ಅಲ್ಲೇ ನಿಂತು ಒಂದೇ ಕುಣಿಯಲ್ಲಿ ಹಿಡಿಗಟ್ಟಲೆ ಕಾಳು ಬಿದ್ದಿತು. ಆಮೇಲೆ ಅಲ್ಲಿ ಬೆಂಡೆಯ ಪೊದೆಯೇ ಎದ್ದಿತು.

ಮಕ್ಕಳಿಗೆ ಮುಂದಾಳು ಜಂಬಮ್ಮ ಎಂಬ ಹುಡುಗಿ. ತಲೆಗೆ ಎಣ್ಣೆಗಿಂತ ಮಣ್ಣೇ ಹೆಚ್ಚು. "ಸರ, ಕಳೆ ಅಂತ ನೀವು ಕಿತ್ತಿದ್ದು ಬೆಂಡಿ. ಬೆಂಡಿ ಅಂತ ನೀರು ಹಾಕಿದ್ದು ಕಳೆ" ಎಂದು ಅವಳು ಹೇಳಿದರೆ, ರಾಯರು "ಹೌದವ್ವಾ, ನೀನು ಕಂಡುಹಿಡೀತೀಯೋ ಇಲ್ಲೋ ನೋಡಿದೆ" ಎನ್ನುವರು. ಅವಳು ನಂಬಿದಂತೆ ತಲೆಯಾಡಿಸುವಳು. ಹೀಗೆ ಗುರು ಶಿಷ್ಯರು ಪರಸ್ಪರ ಮರ್ಯಾದೆ ಉಳಿಸಿಕೊಂಡು ಮುಂದುವರಿದರು. ಬೆಂಡೆ, ಹೀರೆ, ಚವಳಿ ಎದ್ದವು. ಬೆಂಡೆಕಾಯಿ ಮೇಲಕ್ಕೆ ಮುಖ ಮಾಡಿಯೇ ಬಿಟ್ಟಿತು. ರಾಯರು ಮೊದಲೇ ಗೊತ್ತಿದ್ದವರಂತೆ ನಿಂತರು.

ಮಧ್ಯಾಹ್ನ ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣಬೇಕೆಂಬುದು ಸಂಘದ ನಿಯಮ. ರಾಯರು ಸಂತೋಷವಾಗಿ ಕೂತರು. ಜಂಬಮ್ಮನ ಮನೆಯ ಚಟ್ನಿಯಲ್ಲಿ ಬೆಳ್ಳುಳ್ಳಿಯ ವಾಸನೆ ಬಂದರೆ ಅದು ಆ ಕಡೆಯ ಗಾಳಿಯ ಗುಣವೆಂದು ಭಾವಿಸಿದರು. ಗಂಗಾಬಾಯಿಗೆ ಈ ಗಾಳಿಯ ವಿಷಯ ತಿಳಿಸಬೇಕಾದ ಪ್ರಸಂಗ ಬರಲಿಲ್ಲ.

ಬೆಂಡೆ ಇನ್ನೂ ಹೂವಿನಲ್ಲಿದ್ದಾಗಲೇ ಸಿರುಗುಪ್ಪದಿಂದ ಆಹಾರ ಬೆಳೆಯ ಸಾಹೇಬರು ಜೀಪಿನಲ್ಲಿ ಬಂದು ಒಂದು ಚೀಲ ಬಿಳಿ ಗೊಬ್ಬರ ಇಳಿಸಿ ಹೋದರು. ಅಂದೇ ಊರಿಗೆ ಸಂಶಯ ಹೊಕ್ಕಿತು. ಜಂಬಮ್ಮನ ಅಜ್ಜಿ ದೊಡ್ಡಬಸಮ್ಮ, ಊರಿನ ಎಲ್ಲ ಬಾಣಂತನಗಳನ್ನೂ ಜಗಳಗಳನ್ನೂ ಹಿಡಿದವಳು, ಒಂದು ಚಿಟಿಕೆ ಗೊಬ್ಬರವನ್ನು ಮೂಗಿನ ಹತ್ತಿರ ಹಿಡಿದು ಸೀನಿದಳು.

"ಸಗಣಿ ಅಲ್ಲ, ಬೂದಿ ಅಲ್ಲ. ಉಪ್ಪಿನಂಗೈತಿ, ಉಪ್ಪೂ ಅಲ್ಲ. ಇದನ್ನ ಉಂಡ ಗಿಡಾ ನಮ್ಮ ಮಕ್ಕಳು ಉಣಬೇಕಾ? ಏ ರಾಯಪ್ಪಾ, ನೀ ಉಣ್ಣತೀಯೇನಪಾ?"

"ಆಗಲಿ ತಾಯಿ!" ಎಂದರು ರಾಯರು, ಎದೆಯ ಮೇಲೆ ಕೈಯಿಟ್ಟು. "ಊರ ಮುಂದ ಹೇಳತೀನಿ. ಮೊದಲನೇ ತುತ್ತು ನಂದು. ನಾ ಉಂಡ ಮ್ಯಾಲ ಮಕ್ಕಳು ಉಣ್ಣಲಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರು ಹೇಳಿ ಕಳಿಸಿದರು: ಆಷಾಢ ಏಕಾದಶಿಯ ಮುಂದಿನ ಶನಿವಾರ ತೋಟದ ಊಟ, ನಾವೂ ಬರುವೆವು. "ಆಗಲಿ" ಎಂದು ರಾಯರು ಹೇಳಿ ಕಳಿಸಿದರು. ಏಕಾದಶಿ ಎಂಬ ಶಬ್ದ ಕಿವಿಗೆ ಬಿದ್ದರೂ, ಅದರ ಹಿಂದಿನಿಂದ ಬರುವುದೇನೆಂದು ಆ ಮಹಾನುಭಾವರಿಗೆ ಹೊಳೆಯಲಿಲ್ಲ.

ಹೊಳೆದದ್ದು ದ್ವಾದಶಿಯ ದಿನ. ಎಲೆಯ ಮುಂದೆ ಕೂತು ನೋಡುತ್ತಾರೆ: ಹೆಸರುಬೇಳೆಯ ಕಟ್ಟು, ಕರಿಮೆಣಸಿನ ಸಾರು, ಹುಳಿಗೆ ಒಣಮಾವಿನ ಪುಡಿ.

"ಪಲ್ಯಾ ಎಲ್ಲಿ?"

"ಏನು ಕೇಳತೀರಿ? ಇವತ್ತಿಂದ ಶಾಕವ್ರತ!" ಎಂದರು ಗಂಗಾಬಾಯಿ. "ಇನ್ನೊಂದು ತಿಂಗಳು ಮನಿಯೊಳಗ ಕಾಯಿಪಲ್ಲೆದ ಹೆಸರೆತ್ತಬ್ಯಾಡ್ರಿ."

ಚಾತುರ್ಮಾಸ್ಯದ ಮೊದಲ ತಿಂಗಳು ಕಾಯಿಲ್ಲ, ಸೊಪ್ಪಿಲ್ಲ, ಹಣ್ಣಿಲ್ಲ. ಹುಣಸೆಯೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ರಾಯರು ಜನಿವಾರ ಹಾಕಿದಂದಿನಿಂದ ಈ ವ್ರತವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಕೈ ತೊಳೆದವರೇ ಮಠದ ಆಚಾರ್ಯರ ಹತ್ತಿರ ಓಡಿದರು.

"ಆಚಾರ್ರ, ಬೆಂಡಿಕಾಯಿ ಶಾಕ ಏನ್ರಿ?"

"ಶಾಕ."

"ಅದರೊಳಗ ಬರೀ ಬೀಜಾನ ಇರತಾವ. ಬೀಜ ಅಂದ್ರ ಧಾನ್ಯ ಅನ್ನಬಹುದಲ್ಲ?"

"ಬಹುಬೀಜ. ಅದಕ್ಕ ಇನ್ನೂ ನಿಷೇಧ."

"ಬಾಯಾಗ ಹಾಕ್ಕೊಂಡು, ನುಂಗದ, ಉಗುಳಿಬಿಟ್ಟರ?"

ಆಚಾರ್ಯರು ಕನ್ನಡಕ ತೆಗೆದರು. "ಊರ ಮಂದಿ ಮುಂದ ಮಕ್ಕಳು ಬೆಳದದ್ದು ಬಾಯಾಗ ಹಾಕ್ಕೊಂಡು ಉಗುಳತೀರೇನು, ರಾಯರ?"

ರಾಯರು ಅದನ್ನು ಕಣ್ಣ ಮುಂದೆ ತಂದುಕೊಂಡು ಎದ್ದು ಹೊರಟರು. ಹೋಗಿ ನಿಜ ಹೇಳಿಬಿಡಬಹುದಿತ್ತು. ಆದರೆ ಮಕ್ಕಳಿಗೆ ಕೊಟ್ಟ ಮಾತು ನಡೆಸಲಾರೆ ಎನ್ನುವುದೂ ಒಂದು ಜಾತಿಯ 'ಇಲ್ಲ'ವೇ ಅಲ್ಲವೆ?

ಶನಿವಾರ ಬಂತು. ಶಾಲೆಯ ಮುಂದೆ ಮುತ್ತುಗದ ಎಲೆಗಳ ಸಾಲು. ಮಕ್ಕಳೇ ಬಡಿದ ಜೋಳದ ರೊಟ್ಟಿ, ಮಕ್ಕಳೇ ಕೊಯ್ದು ಹೆಚ್ಚಿ ಕೆಂಪು ಖಾರ ಹಾಕಿ ಬಾಡಿಸಿದ ಬೆಂಡೆಕಾಯಿ ಪಲ್ಯ. ನಡುವೆ ಸಾಹೇಬರು, ಅವರ ಪಕ್ಕಕ್ಕೆ ರಾಯರು. ಸುತ್ತ ಕೈಕಟ್ಟಿ ನಿಂತ ತಾಯಂದಿರು, ತಂದೆಯರು. ಒಂದು ಕೈಯೂ ಎಲೆಗೆ ಇಳಿಯದು. ಎಲ್ಲರ ಕಣ್ಣೂ ರಾಯರ ಬಲಗೈಯ ಮೇಲೆ.

ರಾಯರು ಕಣ್ಣು ಮುಚ್ಚಿ ಒಂದು ಶ್ಲೋಕ ಹೇಳಿದರು. ತಾವು ಕಣ್ಣು ತೆರೆಯುವುದರೊಳಗೆ ಯಾರಾದರೂ ಶುರು ಮಾಡಿಯಾರು ಎಂದು ಆಸೆ. ಭಕ್ತಿವಂತರ ಊರು, ಎಲ್ಲರೂ ಕಣ್ಣು ಮುಚ್ಚಿದರು, ಎಲ್ಲರೂ ತೆರೆದರು. ಇನ್ನೊಂದು ಹೇಳಿದರು. ಅದಕ್ಕೂ ಹಾಗೇ. ಆಮೇಲೆ ದಶಾವತಾರ ಎತ್ತಿಕೊಂಡರು. ಮೀನಿನಿಂದ ಹೊರಟು ವಾಮನನವರೆಗೆ ಬರುವಷ್ಟರಲ್ಲಿ ಸಾಹೇಬರ ಹೊಟ್ಟೆ ಜೀಪಿನಂತೆ ಗುರುಗುಟ್ಟಿತು. ಹಸಿದಾಗ ಅವರಿಗೆ ತೆಲುಗೇ ಬರುತ್ತಿತ್ತು; ಹೊಟ್ಟೆ ಹಸಿದಿದೆ, ತಿನ್ನಿ ಎಂದು ಗೋಗರೆದರು.

"ತಿನಂಡಿ ರಾವುಗಾರೂ, ತಿನಂಡಿ! ಆಕಲೇಸ್ತೋಂದಿ!"

"ಯಾಕ್ರೀ ರಾಯರ?" ಹೊನ್ನೂರಮ್ಮ ಸೌಟು ಹಿಡಿದು ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಕೈ ರುಚಿ ಮ್ಯಾಲ ಅನುಮಾನ ಬಂತೇನು?"

"ಛೇ ಛೇ! ಮೊದಲನೇ ತುತ್ತು..." ರಾಯರು ಸುತ್ತಲೂ ನೋಡಿದರು. "ಮೊದಲನೇ ತುತ್ತು ಭೂಮಿತಾಯಿಗೆ! ಬೆಳಿ ಕೊಟ್ಟಾಕಿ ಆಕಿ. ಆಕಿಗೆ ಕೊಟ್ಟು ಬಂದುಬಿಡತೀನಿ." ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಂಡು ಎದ್ದರು. ಶಾಲೆಯ ಹಿಂದಕ್ಕೆ ನಡೆದೇ ಬಿಟ್ಟರು.

ಹಿಂದೆ ಬೇವಿನ ಗಿಡಕ್ಕೆ ಉಚ್ಚೆಂಗೆಪ್ಪನ ಮೇಕೆ ಕಟ್ಟಿತ್ತು. ಭೂಮಿತಾಯಿಗೆ ಇಡಲೆಂದು ರಾಯರು ಬಾಗುವುದರೊಳಗೆ ಅದು ಕೊರಳು ಚಾಚಿ, ಅವರ ಕೈಯಿಂದಲೇ ರೊಟ್ಟಿಯನ್ನೂ ಪಲ್ಯವನ್ನೂ ಎಳೆದುಕೊಂಡು ನುಂಗಿತು. ಹೊನ್ನೂರಮ್ಮನ ಖಾರ ಮದುವೆಮನೆಯ ಖಾರ. ಮೇಕೆ ಒಂದು ಕ್ಷಣ ಯೋಚಿಸಿತು. ಸೀನಿತು. ನಾಲ್ಕು ಕಾಲನ್ನೂ ನೆಲದಿಂದ ಎತ್ತಿ ಹಾರಿತು, ಹಗ್ಗ ಹರಿಯಿತು, ಗಿಡಕ್ಕೊಂದು ಡಿಕ್ಕಿ ಕೊಟ್ಟು ಧೊಪ್ಪನೆ ಮಗ್ಗುಲಾಗಿ ಬಿದ್ದು ಕಾಲು ಝಾಡಿಸಿತು.

ಗೋಡೆಯ ಮೂಲೆಯಲ್ಲಿ ದೊಡ್ಡಬಸಮ್ಮ ನಿಂತಿದ್ದಳು.

"ಅಯ್ಯಯ್ಯಯ್ಯೋ!" ಅವಳು ಇಟ್ಟ ಕೂಗಿಗೆ ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು. "ತಾ ತಿನ್ನಲಿಲ್ರೋ! ಮೇಕಿಗೆ ತಿನ್ನಿಸಿ ಪರೀಕ್ಷಾ ಮಾಡಿದ! ಮೇಕಿ ಸತ್ತಿತ್ರೋ! ಏ ಜಂಬೀ, ಎಲಿ ಬಿಟ್ಟು ಏಳ!"

ಆಮೇಲೆ ಆದದ್ದನ್ನು ಪದ್ಯದಲ್ಲಿ ಹೇಳಬೇಕು. ಗದ್ಯಕ್ಕೆ ಅಷ್ಟು ಉಸಿರಿಲ್ಲ. ತಾಯಂದಿರು ನುಗ್ಗಿ ಸಿಕ್ಕ ಮಕ್ಕಳ ಸಿಕ್ಕ ಕೈ ಹಿಡಿದು ಎಳೆದರು. ಒಬ್ಬಳು ಅವಸರದಲ್ಲಿ ನೆರೆಮನೆಯ ಹುಡುಗನನ್ನು ಎಳೆದೊಯ್ದು ಬಾಯಿಗೆ ಮಜ್ಜಿಗೆ ಹುಯ್ದಳು. ಆ ಹುಡುಗ ಇನ್ನೂ ಎಲೆ ಮುಟ್ಟಿಯೇ ಇರಲಿಲ್ಲ. ಸಾಹೇಬರು ಎರಡು ಕೈಯನ್ನೂ ಎತ್ತಿ, ತಮ್ಮ ಗೊಬ್ಬರದ್ದೇನೂ ತಪ್ಪಿಲ್ಲವೆಂದು ಎರಡು ಭಾಷೆಗಳಲ್ಲಿ ಹೇಳುತ್ತ ಹಸಿದ ಹೊಟ್ಟೆಯಲ್ಲೇ ಜೀಪು ಹತ್ತಿದರು. ರಾಯರು ಹಿಂದಿನಿಂದ ಓಡಿಬಂದು, "ಹಂಗಲ್ರೀ, ಹಂಗಲ್ಲ" ಎಂದದ್ದನ್ನು ಯಾರೂ ಕೇಳಲಿಲ್ಲ. ಹೇಗೆ ಎಂದು ಅವರೂ ಹೇಳಲಿಲ್ಲ. ಸದ್ದಡಗಿದ ಮೇಲೆ ಎಲ್ಲರೂ ಶಾಲೆಯ ಹಿಂದಕ್ಕೆ ಹೋಗಿ ನೋಡಿದರೆ ಮೇಕೆಯಿಲ್ಲ, ಹಗ್ಗದ ತುಂಡು ಮಾತ್ರ ಇದೆ. ಸತ್ತ ಮೇಕೆ ಎಲ್ಲಿಗೆ ಹೋಯಿತು ಎಂದು ಕೇಳುವಷ್ಟು ಸಮಾಧಾನ ಯಾರಿಗೂ ಇರಲಿಲ್ಲ.

ಉಚ್ಚೆಂಗೆಪ್ಪ ಮೀಸೆ ತಿರುವಿದ. "ಊರು ಉಣ್ಣಲಿಲ್ಲ. ನಾಳೆ ಮಧ್ಯಾನ್ನ ಸಮಿತಿ ಸೇರತೈತಿ. ಸೊಪ್ಪಿ ಬಂಡಿ ಅಲ್ಲಿಗೇ ತರತೀನಿ."

ಸುದ್ದಿ ಬಾದನಹಟ್ಟಿಯಲ್ಲಿ ಹುಟ್ಟಿದಾಗ ಒಂದು ಮೇಕೆಯಾಗಿತ್ತು. ಕುರುಗೋಡಿಗೆ ಬಂದಾಗ ಹಿಂಡಾಗಿತ್ತು. ಸಿರುಗುಪ್ಪದಲ್ಲಿ ಬಸ್ಸಿನಿಂದ ಇಳಿಯುವಾಗ ಮನುಷ್ಯನಾಗಿತ್ತು. ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಬಾಯಿಗೆ ಬರುವಷ್ಟರಲ್ಲಿ ಅದು ಬಳ್ಳಾರಿಯ ಜಯತೀರ್ಥರಾಯರಾಗಿ, ತಾವೇ ಬೆಳೆದ ಬೆಂಡೆಕಾಯಿ ತಿಂದು, ಮಕ್ಕಳ ನಡುವೆ, ದೇವರ ನಾಮ ಹೇಳುತ್ತ ಕಣ್ಣು ಮುಚ್ಚಿತ್ತು. ಅಲ್ಲಿ ಕೊಡ ತುಂಬಿಸುತ್ತಿದ್ದ ಸರಸ್ವತಿಬಾಯಿ ರಾಯರ ಒಡಹುಟ್ಟಿದ ಅಕ್ಕ.

ಭಾನುವಾರ ಬೆಳಿಗ್ಗೆ ಸತ್ಯನಾರಾಯಣಪೇಟೆಯ ಬೀದಿಯ ತುದಿಯಿಂದಲೇ ಅಳು ಕೇಳಿಸಿತು. ಅದೂ ಬರೀ ಅಳುವಲ್ಲ. ಸರಸ್ವತಿಬಾಯಿಯೂ ಕಾವ್ಯ ಕೇಳಿ ಬೆಳೆದವಳು. ತಮ್ಮನ ಗುಣಗಳನ್ನು ಒಂದೊಂದಾಗಿ ಎತ್ತಿ, ರಾಗ ತಪ್ಪದೆ, ನಡುನಡುವೆ ಎದೆ ಬಡಿದು ತಾಳ ಕೊಡುತ್ತ ಬಂದಳು. ನೆರೆಹೊರೆಯವರು ಬಾಗಿಲಿಗೆ ಬಂದರು. ಕೊಡೆ ಇಟ್ಟಿದ್ದ ಕೆಲವರು, ಮನೆಯಲ್ಲಿ ಗದ್ದಲವಾಗುವ ಮೊದಲು ಕೊಡೆ ಬಿಡಿಸಿಕೊಳ್ಳುವುದು ಒಳ್ಳೆಯದೆಂದು ಹಿಂದೆಯೇ ಬಂದರು. ಬಾಗಿಲು ದಾಟಿದ ಸರಸ್ವತಿಬಾಯಿ "ಎಂಥಾ ತಮ್ಮಾ ಇದ್ದೆಪ್ಪಾ" ಎಂಬಲ್ಲಿ ತಲೆ ಎತ್ತಿ ನೋಡುತ್ತಾಳೆ: ತಮ್ಮ ಮಣೆಯ ಮೇಲೆ ಕೂತು ಹೆಸರುಬೇಳೆ ಕಟ್ಟು ಸುರಿಯುತ್ತಿದ್ದಾನೆ.

ರಾಗ ನಿಂತಿತು. ನೋಡಿದಳು. ಇನ್ನೊಮ್ಮೆ ನೋಡಿದಳು.

"ಸತ್ತೀ ಅಂತ ಕೇಳಿ ಓಡಿ ಬಂದರ, ಕೂತು ಉಣ್ಣಲಿಕ್ಕೆ ಹತ್ತೀಯಲ್ಲೋ! ನಾಚಿಕಿ ಆಗೂದಿಲ್ಲೇನು ನಿನಗ? ದಾರಿ ತುಂಬ ಅತ್ತೀನಿ. ಬಸ್ಸಿನ ಮಂದಿಯೆಲ್ಲಾ ಅತ್ತದ. ಅವರಿಗೀಗ ಏನು ಹೇಳ್ಲಿ?"

"ತಪ್ಪಾತಕ್ಕಾ" ಎಂದರು ರಾಯರು, ಬದುಕಿರುವುದಕ್ಕಾಗಿ.

ಗಂಗಾಬಾಯಿ ವಿಷಯವನ್ನೆಲ್ಲ ಬಿಡಿಸಿ ಹೇಳಿದರು. ಸರಸ್ವತಿಬಾಯಿ ಮೂಗು ಒರೆಸಿಕೊಂಡು ಎದ್ದಳು. "ಏಳು. ಹೋಗೂಣು ಆ ಊರಿಗೆ. ಬೆಂಡಿಕಾಯಿ ತಿನ್ನದ ಸತ್ತಾಂವ ನೀನೊಬ್ಬನ."

ಮಧ್ಯಾಹ್ನ ಬಾದನಹಟ್ಟಿಯ ಬೇವಿನ ಗಿಡದ ಕೆಳಗೆ ಊರೇ ಸೇರಿತ್ತು. ಶಾಲೆಯ ಪಕ್ಕಕ್ಕೆ ಸೊಪ್ಪೆ ಹೇರಿದ ಬಂಡಿ, ಎತ್ತು ಕಟ್ಟಿಕೊಂಡೇ ನಿಂತಿತ್ತು. ಮಕ್ಕಳು ತೋಟದ ಬೇಲಿಗೆ ಬೆನ್ನು ಹಚ್ಚಿ ಸಾಲಾಗಿ ಕೂತಿದ್ದರು, ಯಾರೂ ಕೂರಿಸಿದ್ದಲ್ಲ. ಹೊನ್ನೂರಮ್ಮ ದೂರಕ್ಕೆ, ಸೌಟಿಲ್ಲದೆ, ಮುಖ ಆ ಕಡೆ ತಿರುಗಿಸಿ ಕೂತಿದ್ದಳು.

"ವಿಷ ಗಿಷ ಅದೆಲ್ಲಾ ಬಿಡ್ರಿ," ಎಂದ ಉಚ್ಚೆಂಗೆಪ್ಪ. "ಒಳಗಿನ ಮಾತು ನಾ ಹೇಳ್ತೀನಿ. ನಮ್ಮ ಕೈಯಾಗಿಂದು ಅವರಿಗೆ ನಡಿಯಂಗಿಲ್ಲ. ಅಷ್ಟ."

"ಸುಳ್ಳು!" ಬೇಲಿಯ ಕಡೆಯಿಂದ ಜಂಬಮ್ಮ ಎದ್ದು ನಿಂತಳು. "ಬೇಸಿಗಿಯಿಂದ ನಮ್ಮ ರೊಟ್ಟಿ ಉಂಡಾರ. ನಮ್ಮವ್ವನ ಬೆಳ್ಳುಳ್ಳಿ ಚಟ್ನಿ ಎರಡೆರಡು ಸಲ ಹಾಕಿಸ್ಕೊಂಡಾರ!"

ಗಂಗಾಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ರಾಯರು ಬೇವಿನ ಗಿಡದ ತುದಿ ನೋಡಿದರು.

ಜಂಬಮ್ಮ ಅವರ ಮುಂದೆ ಬಂದು ನಿಂತಳು. ಕಣ್ಣು ಕೆಂಪಗಿದ್ದವು. "ಸರ, ನಾವು ಬೆಳದದ್ದು ನೀವು ಯಾಕ ಉಣ್ಣಲಿಲ್ಲ?"

ವಕೀಲರ ಕಚೇರಿಯಲ್ಲಿ ಎಷ್ಟೋ ಸಾಕ್ಷಿಗಳಿಗೆ ಹೇಳಿಕೆ ಬಾಯಿಪಾಠ ಮಾಡಿಸಿದ ರಾಯರಿಗೆ ಈ ಪ್ರಶ್ನೆಗೆ ಒಂದೂ ಪಾಠವಿರಲಿಲ್ಲ.

"ಅವ್ವಾ, ಇದು ನಮ್ಮ ಮನಿಯ ವ್ರತದ ತಿಂಗಳು. ದೇವರ ಹೆಸರಿನಾಗ ಕಾಯಿಪಲ್ಲೆ ಬಿಟ್ಟಿರತೀವಿ. ಮಾತು ಕೊಡುವಾಗ ನೆನಪಾಗಲಿಲ್ಲ. ನೆನಪಾದಾಗ ಹೇಳಲಿಕ್ಕೆ ಬಾಯಿ ಬರಲಿಲ್ಲ. ತೋಟದಾಗ ಏನೂ ತಪ್ಪಿಲ್ಲ. ಅಡಿಗ್ಯಾಗ ಏನೂ ತಪ್ಪಿಲ್ಲ. ತಪ್ಪಿದ್ದು ನಾನು."

ಹೊನ್ನೂರಮ್ಮ ಮುಖವನ್ನು ಈ ಕಡೆಗೆ ತಂದಳು. ದೊಡ್ಡಬಸಮ್ಮ ಕೋಲೂರಿ ಎದ್ದಳು.

"ಯಪ್ಪಾ, ವ್ರತ ಅಂದ್ರ ವ್ರತ ಅಂತ ಹೇಳಬಾರದೇನೋ! ನಮಗೇನು ದೇವರಿಲ್ಲಾ? ಹುಲಿಗೆಮ್ಮಗ ಬೇಡಿಕೊಂಡು ನಾ ಒಂದು ವರ್ಷ ಬದನಿಕಾಯಿ ಬಿಟ್ಟಿದ್ದೆ. ನನ್ನ ಗಂಡ ಉಪ್ಪು ಬಿಟ್ಟಿದ್ದ. ಈ ಉಚ್ಚೆಂಗ್ಯಾ ಹುಟ್ಟಲಿ ಅಂತ ಇವರವ್ವ ಚಪ್ಪಲಿ ಬಿಟ್ಟಿದ್ದಳು, ಹುಟ್ಟಿದ ಮ್ಯಾಲ ಯಾಕ ಬಿಟ್ಟೆನೋ ಅಂದಳು. ಬಿಡದಿದ್ದ ಮನಿ ಯಾವುದೈತಿ ಈ ಊರಾಗ?"

"ಅದೆಲ್ಲಾ ಖರೆ ಅತ್ತಿ," ಎಂದ ಉಚ್ಚೆಂಗೆಪ್ಪ, ಸ್ವಲ್ಪ ಇರುಸುಮುರುಸಾಗಿ. "ಆದರ ನನ್ನ ಮೇಕಿ? ಮೇಕಿ ಸತ್ತದ್ದೂ ವ್ರತಾನೇನು?"

ಆಗ ತೋಟದ ಒಳಗಿನಿಂದ ತೇಗಿದಂಥ ಒಂದು ಸದ್ದು ಬಂತು.

ಮಕ್ಕಳೆಲ್ಲ ಬೇಲಿ ಹಾರಿದರು. ಹೀರೆಬಳ್ಳಿಯ ಚಪ್ಪರದ ನೆರಳಲ್ಲಿ, ಕೊರಳಲ್ಲಿ ಹರಿದ ಹಗ್ಗ ಹೊತ್ತು, ಮೃತ ಮೇಕೆ ಮಲಗಿತ್ತು. ಹೊಟ್ಟೆ ನಗಾರಿಯಂತಾಗಿತ್ತು. ಅಂಚಿನ ಬೆಂಡೆಸಾಲು ಕಡ್ಡಿಗಳ ಸಾಲಾಗಿತ್ತು. ವನವಾಸದ ಪೊದೆ ಗುರುತೂ ಉಳಿದಿರಲಿಲ್ಲ. ಜಂಬಮ್ಮ ಹಗ್ಗ ಹಿಡಿದು ಎಳೆದರೂ ಅದು ಏಳಲಿಲ್ಲ. ತಲೆಯನ್ನು ಮಾತ್ರ ಚವಳಿಯ ಕಡೆಗೆ ಚಾಚಿತು.

"ಗೌಡ್ರ, ನಿಮ್ಮ ಮೇಕಿ ಸತ್ತಿಲ್ಲ! ನಮ್ಮ ತೋಟಾ ತಿಂದೈತಿ!"

ಊರು ಮೊದಲು ಮೇಕೆಯನ್ನು ನೋಡಿತು. ಆಮೇಲೆ ಗೌಡನನ್ನು ನೋಡಿತು. ಗೌಡ ಎಲ್ಲಿ ನೋಡಬೇಕೋ ತಿಳಿಯದೆ ತನ್ನ ಎತ್ತುಗಳನ್ನು ನೋಡಿದ.

"ಹೊನ್ನೂರಿ, ಒಲಿ ಹಚ್ಚ!" ಎಂದು ದೊಡ್ಡಬಸಮ್ಮ ಕೂಗಿದಳು. "ರಾಯಪ್ಪಾ, ನೀ ಮುಟ್ಟಬ್ಯಾಡ. ಒಬ್ಬರ ವ್ರತಾ ಕೆಡಿಸಿದ ಪಾಪ ನಮ್ಮೂರ ಮಣ್ಣಿಗೆ ಬ್ಯಾಡ. ವ್ರತ ನಿಂದು ಇರಲಿ. ಆ ಮೊದಲನೇ ತುತ್ತು ನಂಗ ಕೊಡು. ನಿನ್ನ ಹೆಸರಿಲೆ ನಾ ಉಣ್ಣತೀನಿ."

ಸೌಟು ಎಲ್ಲಿಂದಲೋ ಹೊನ್ನೂರಮ್ಮನ ಕೈಗೆ ಬಂದುಬಿಟ್ಟಿತ್ತು. ಮೂರು ಕಲ್ಲು ಹೂಡಿದಳು. ಮಕ್ಕಳು ಉಳಿದ ಸಾಲುಗಳಿಗೆ ನುಗ್ಗಿ ಎಳೆಕಾಯಿ ಮುರಿದು ತಂದರು. ತುದಿ ಬಾಗಿಸಿ ಪಟಕ್ಕೆಂದರೆ ಎಳೆಯದು, ಎನ್ನದಿದ್ದರೆ ಬೀಜಕ್ಕೆ ಬಿಡುವುದು. ತೊಳೆದರು, ಅರಿವೆಯಲ್ಲಿ ಒರೆಸಿದರು, ಹೆಚ್ಚಿದರು. "ಮೊದಲು ಒರೆಸು, ಆಮ್ಯಾಲ ಹೆಚ್ಚು. ಇಲ್ಲಂದ್ರ ಲೋಳಿ ಆಗತೈತಿ" ಎಂದು ಒಬ್ಬ ಹುಡುಗ ತನ್ನ ತಂದೆಗೆ ಹೇಳುತ್ತಿದ್ದ. ತಂದೆ ಬಾಯಿ ತೆರೆದು ಕೇಳುತ್ತಿದ್ದ. ಹಿಂದಿನ ದಿನ ಮಜ್ಜಿಗೆ ಕುಡಿದಿದ್ದ ಹುಡುಗ ರೊಟ್ಟಿ ಬಡಿದ; ದುಂಡಗಾಗಲಿಲ್ಲ, ಆದರೆ ಉಬ್ಬಿತು.

ದೊಡ್ಡಬಸಮ್ಮ ತಾಟು ಮುಂದಿಟ್ಟುಕೊಂಡು ಕೂತಳು. ರಾಯರು ಕೈಮುಗಿದು ಎದುರಿಗೆ ನಿಂತರು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಇದ್ದ ಹಲ್ಲುಗಳಲ್ಲಿ ಆ ಕಡೆಯಿಂದ ಈ ಕಡೆಗೆ ಹೊರಳಿಸಿ ಅಗಿದಳು. ಎರಡನೆಯ ತುತ್ತಿಗೆ ಕೈ ಹಾಕಿದಳು. ತಾಟು ಮುಂದೆ ಒಡ್ಡಿದಳು.

"ಇನ್ನೀಟು ಹಾಕ."

ಅಷ್ಟೇ ಸಾಕಾಯಿತು. ಊರು ಎಲೆಗೆ ಇಳಿಯಿತು. ಸರಸ್ವತಿಬಾಯಿ ವ್ರತದ ಬಾಯಿ ಬಿಗಿಹಿಡಿದು, ಪಂಕ್ತಿಯ ಉದ್ದಕ್ಕೂ ತಾನೇ ಬಡಿಸಿದಳು. ಗಂಗಾಬಾಯಿ ಜಂಬಮ್ಮನ ತಾಯಿಯ ಪಕ್ಕಕ್ಕೆ ಕೂತು, ಆ ಚಟ್ನಿಯಲ್ಲಿ ಏನೇನು ಹಾಕುತ್ತಾರೆಂದು ಬಹಳ ವಿವರವಾಗಿ, ಬಹಳ ಮೆಲ್ಲಗೆ ವಿಚಾರಿಸಿದರು. ಮಾಸ್ತರು ಚಂದ್ರಣ್ಣ ಕೈ ನೆಕ್ಕುತ್ತ, ಮುಂದಿನ ಮಳೆಗೆ ಮೂಲಂಗಿ ಹಾಕೋಣ ಎಂದ. ಮಕ್ಕಳು ಬೇಡ, ಟೊಮಾಟೊ ಎಂದರು. ರಾಯರು ಎರಡಕ್ಕೂ ಆಗಲಿ ಎಂದರು.

ಉಚ್ಚೆಂಗೆಪ್ಪನೂ ಉಂಡ. ಯಾರೂ ಕರೆಯದಿದ್ದರೂ ಕೊನೆಯ ಎಲೆಗೆ ಕೂತು, ಸೊಲ್ಲಿಲ್ಲದೆ ಉಂಡ. ಕೈ ತೊಳೆದು ಟವೆಲ್ಲಿನಿಂದ ಮೀಸೆ ಒರೆಸಿಕೊಂಡು ರಾಯರ ಹತ್ತಿರ ಬಂದ. ದನಿ ಬೆಣ್ಣೆಯಾಗಿತ್ತು.

"ರಾಯರ, ಊರು ಉಂಡೈತಿ. ನನ್ನ ಮಾತಂದ್ರ ಮಾತು. ಜಾಗ ಮಕ್ಕಳದು. ಆದರ ಬಂಡಿ ಹೇರಿಕೊಂಡು ಬಂದೀನಿ, ಎತ್ತು ಬಿಸಿಲಾಗ ನಿಂತಾವ. ಅಗಾ, ಮೇಕಿ ಮೇದ ಮೂಲಿ ಹೆಂಗೂ ಖಾಲಿ ಐತಿ. ಅಷ್ಟರಾಗ, ಗ್ವಾಡಿಗೆ ಹಚ್ಚಿ, ದೀಪಾವಳಿತನಕ ಒಂದೀಟು ಸೊಪ್ಪಿ ಒಟ್ಟಿಕೊಳ್ಳಲೇನು? ನೀವು ಹೂಂ ಅಂದ್ರ ಸಾಕು."

ಮಕ್ಕಳ ಕೈಗಳು ಎಲೆಯ ಮೇಲೆ ನಿಂತವು. ರಾಯರು ಗೌಡನ ಮುಖ ನೋಡಿದರು, ಬಂಡಿ ನೋಡಿದರು, ಎತ್ತು ನೋಡಿದರು. ಎತ್ತುಗಳ ಮೇಲೆ ಮರುಕ ಬಂತು. ತುಟಿಗಳು ತಾವಾಗಿ 'ಆ' ಎಂದು ತೆರೆದವು.

ದೊಡ್ಡಬಸಮ್ಮ ರೊಟ್ಟಿಯ ಕೊನೆಯ ಚೂರಿನಿಂದ ತಾಟಿನ ಅಂಚು ಒರೆಸಿ ಬಾಯಿಗಿಟ್ಟಳು. ಅಗಿದಳು. ನುಂಗಿದಳು.

"ಕೊಡಂಗಿಲ್ಲ" ಎಂದಳು.